ತೋರಣ್ಣನ ದೋಣಿ ಯಾವ ಕಡೆಗೆ ಹೋಯಿತು

ಹಳೇಬೀಡಿನ ಗೈಡು ತಮ್ಮಯ್ಯ ಸುಳ್ಳು ಹೇಳಿದರೆ ಊರೂರಿನವರು ನಂಬುತ್ತಿದ್ದರು. ಅದು ಅವನ ಹೊಟ್ಟೆಪಾಡು, ಅವನ ಹೆಮ್ಮೆ, ಕೊನೆಗೆ ಅವನ ಕರ್ಮ. ಗುಡಿಯ ಹೊರಗೋಡೆಯ ಒಬ್ಬ ನರ್ತಕಿಯನ್ನು ತೋರಿಸಿ ದೆಹಲಿ ಕಡೆಯವರಿಗೆ "ಇವಳು ಶಿಲ್ಪಿಯ ಹೆಂಡತಿ" ಎನ್ನುತ್ತಿದ್ದ. ಅರ್ಧ ಗಂಟೆ ಬಿಟ್ಟು ಬಂದ ಮಂಗಳೂರಿನ ಶಾಲಾ ಮಕ್ಕಳಿಗೆ ಅದೇ ನರ್ತಕಿ ರಾಜನ ತಂಗಿಯಾಗುತ್ತಿದ್ದಳು. ಸೊಂಡಿಲು ಮುರಿದ ಒಂದು ಆನೆಗೆ ಅವನು ಕಟ್ಟಿದ ಕಥೆ ಕೇಳಿ ರಿಟೈರಾದ ಜಡ್ಜೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಿದ್ದರು. ಯಾರೂ ಒಮ್ಮೆಯೂ "ಹೌದೇನಯ್ಯ?" ಎಂದು ಕೇಳಿದ್ದಿಲ್ಲ. ಅಂಥವನು ಒಂದೇ ಒಂದು ವಿಷಯದಲ್ಲಿ ನಿಜ ಹೇಳಬೇಕೆಂದು ಹಠ ಹಿಡಿದ. ಅದನ್ನು ಅರಸೀಕೆರೆಯಿಂದ ಬೇಲೂರಿನವರೆಗೆ ಒಬ್ಬ ನರಪಿಳ್ಳೆಯೂ ನಂಬಲಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಆ ವಿಷಯ ಜಪಾನಿನ ಒಬ್ಬ ಕತ್ತಿವೀರನದು. ತೊಂಬತ್ತರ ದಶಕದ ಕೊನೆಯಲ್ಲಿ ಹಿಸಾಯೊ ಎಂಬ ಜಪಾನಿ ಹೆಂಗಸು ಗುಡಿಯ ಶಿಲ್ಪಗಳ ಒಡವೆಗಳನ್ನು ಚಿತ್ರ ಬರೆದುಕೊಳ್ಳಲು ಹಳೇಬೀಡಿಗೆ ಬಂದು ಒಂದು ಚಳಿಗಾಲವಿಡೀ ಇದ್ದರು. ಅವರ ಕೊಡೆ ಹಿಡಿಯುವುದು, ಸ್ಟೂಲು ಹೊರುವುದು, ಚಹಾ ತರಿಸುವುದು ಎಲ್ಲ ತಮ್ಮಯ್ಯನೇ. ಅವರ ಇಂಗ್ಲಿಷು ಅರ್ಧ ಜಪಾನಿ, ಇವನು ಟೂರಿಸ್ಟರಿಂದ ಕಲಿತ ಜಪಾನಿ ಅರ್ಧ ಇಂಗ್ಲಿಷು. ನಡುವೆ ಅವರಿಬ್ಬರಿಗೆ ಮಾತ್ರ ಅರ್ಥವಾಗುವ ಒಂದು ಭಾಷೆ ಹುಟ್ಟಿಕೊಂಡಿತು. ಸಂಜೆ ಹುಲ್ಲುಹಾಸಿನ ಮೇಲೆ ಕೂತು ಹಿಸಾಯೊ ಒಂದು ದಪ್ಪನೆಯ ಚಿತ್ರಕಥೆ ಪುಸ್ತಕ ಓದಿಕೊಂಡು ಒಬ್ಬರೇ ಕಿಸಕ್ಕೆಂದು ನಗುತ್ತಿದ್ದರು. ನಗುವಂಥದ್ದೇನಿದೆ ಎಂದು ತಮ್ಮಯ್ಯ ಕೇಳಿದ. ಅಲ್ಲಿಂದ ಶುರು.

ಕಥೆಯ ನಾಯಕ ತೊರಾಜಿ. ಹಿಂದಿನ ಕಾಲದ ಸಮುರಾಯ್, ಅಂದರೆ ದೊರೆಗಳ ಕೈಕೆಳಗೆ ಕತ್ತಿ ಹಿಡಿದು ಬದುಕುತ್ತಿದ್ದವರ ಜಾತಿಯವನು. ಆದರೆ ಇವನಿಗೆ ದೊರೆಯೂ ಇಲ್ಲ, ಕೆಲಸವೂ ಇಲ್ಲ. ಸೊಂಟದಲ್ಲಿ ಕತ್ತಿಯೇನೋ ಇದೆ, ಆದರೆ ಒರೆಯಲ್ಲಿ ಸಿಕ್ಕಿಕೊಂಡು ಎಷ್ಟು ಜಗ್ಗಿದರೂ ಹೊರಗೆ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ಕಥೆ ಬರೆದವನು ಎಲ್ಲೂ ಹೇಳಿಲ್ಲ. ಹೀಗಾಗಿ ತೊರಾಜಿ ಎಲ್ಲ ಜಗಳವನ್ನೂ ಕತ್ತಿ ಹಿರಿಯದೆ, ಬಾಯಿಬಡಾಯಿಯಲ್ಲಿ, ಓಟದಲ್ಲಿ, ಇಲ್ಲವೆ ಎದುರಾಳಿಯನ್ನು ನಗಿಸಿ ಗೆಲ್ಲಬೇಕು. ವರ್ಷಗಟ್ಟಲೆಯಿಂದ ನಡೆಯುತ್ತಿರುವ ಕಥೆ, ಇನ್ನೂ ಮುಗಿದಿಲ್ಲ. ಹಿಸಾಯೊ ಓದಿದ ಪುಸ್ತಕಗಳನ್ನೆಲ್ಲ ತಮ್ಮಯ್ಯನಿಗೇ ಬಿಟ್ಟು ಹೋದರು, ಊರಿಗೆ ಹೋದ ಮೇಲೆ ಹೊಸವು ಬಂದ ಹಾಗೆ ಪೋಸ್ಟಿನಲ್ಲಿ ಕಳಿಸತೊಡಗಿದರು.

ಅಕ್ಷರ ಒಂದೂ ಬಾರದಿದ್ದರೂ ತಮ್ಮಯ್ಯನಿಗೆ ಪುಸ್ತಕ ಅರ್ಥವಾಗುತ್ತಿತ್ತು. ಆ ಪುಸ್ತಕಗಳನ್ನು ನಮ್ಮ ಪುಸ್ತಕದಂತೆ ಎಡದಿಂದ ಓದುವುದಲ್ಲ. ನಮ್ಮ ಕೊನೆಯ ಹಾಳೆ ಅವರ ಮೊದಲ ಹಾಳೆ, ಚಿತ್ರಗಳು ಬಲದಿಂದ ಎಡಕ್ಕೆ ನಡೆಯುತ್ತವೆ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗುಡಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಹೋಗುವವನು ಗೋಡೆಗೆ ಮುಖ ಮಾಡಿ ನಿಂತರೆ ಅಲ್ಲಿನ ಕಥೆಯೂ ಬಲದಿಂದ ಎಡಕ್ಕೇ ಸಾಗುತ್ತದೆ. ಹದಿನಾಲ್ಕು ವರ್ಷ ಹಾಗೆ ಗೋಡೆ ಓದಿದವನ ಕೈ ತಾನಾಗಿಯೇ ಪುಸ್ತಕವನ್ನು ಆ ಕಡೆಯಿಂದ ತೆರೆದಿತ್ತು. ಹಿಸಾಯೊ ಬೆರಗಾಗಿದ್ದರು. ತಾನು ಯಾರನ್ನೂ ಕೇಳದೆ ಕಂಡುಕೊಂಡದ್ದು ಬದುಕಿನಲ್ಲಿ ಇದೊಂದೇ ಎಂದು ತಮ್ಮಯ್ಯನಿಗೆ ಅಭಿಮಾನ. ಅದಕ್ಕೇ ತೊರಾಜಿಯ ಕಥೆಗೆ ಮಾತ್ರ ಒಂದು ಹನಿ ಸುಳ್ಳನ್ನೂ ಬೆರೆಸುವುದಿಲ್ಲವೆಂದು ಮನಸ್ಸಿನಲ್ಲೇ ಆಣೆ ಮಾಡಿಕೊಂಡ.

ಬಸ್ ಸ್ಟ್ಯಾಂಡ್ ಎದುರಿನ ಮರಿಯಣ್ಣನ ಕ್ಷೌರದಂಗಡಿಯಲ್ಲಿ ಸಂಜೆ ಅವನು ಆ ಕಥೆ ಹೇಳುತ್ತಿದ್ದ. ಕೇಳಲು ತಪ್ಪದೆ ಬರುತ್ತಿದ್ದವನು ಅರಸೀಕೆರೆ–ಬೇಲೂರು ಬಸ್ಸಿನ ಕಂಡಕ್ಟರ್ ಜವರಣ್ಣ, ತಮ್ಮಯ್ಯನ ಜೀವದ ಗೆಳೆಯ. ಕೇಳಿದ್ದನ್ನು ಮಾರನೇ ದಿನ ಟಿಕೆಟ್ಟಿನ ಜೊತೆ ದಾರಿಯುದ್ದಕ್ಕೂ ಹಂಚುತ್ತಿದ್ದವನೂ ಅವನೇ. ತೊರಾಜಿ ಹೀಗೆ ಬಸ್ಸು ಹತ್ತಿ ತೋರಣ್ಣನಾದ. ಜಾವಗಲ್ಲಿನಲ್ಲಿ ಇಳಿಯುವವರು ಬಾಗಿಲಲ್ಲಿ ನಿಂತು "ಆಮೇಲೇನಾಯ್ತು ಹೇಳಿ ರೈಟ್ ಅನ್ನಪ್ಪ" ಎಂದು ಬಸ್ಸು ನಿಲ್ಲಿಸಿಕೊಳ್ಳುವಷ್ಟರ ಮಟ್ಟಿಗೆ ಹುಚ್ಚು ಹತ್ತಿತು.

ಹುಚ್ಚು ಹತ್ತಿದ ಮೇಲೆ ಜಗಳವೂ ಹತ್ತಲೇಬೇಕಲ್ಲ. ಯಾವ ಕಥೆ ಮೇಲು? ಮರಿಯಣ್ಣನ ಪ್ರಕಾರ ಸೀನಿನ ಕಥೆಯನ್ನು ಮೀರಿಸಿದ್ದು ಇನ್ನೊಂದಿಲ್ಲ. ತೋರಣ್ಣ ವೈರಿಯ ಮನೆಯ ಅಟ್ಟದಲ್ಲಿ ಮೆಣಸಿನ ಮೂಟೆಗಳ ನಡುವೆ ಅಡಗಿ ಇಡೀ ಪುಸ್ತಕ ಸೀನು ತಡೆದುಕೊಳ್ಳುವ ಕಥೆ ಅದು. ಅದನ್ನು ನೆನೆಸಿಕೊಂಡು ನಕ್ಕು ಮರಿಯಣ್ಣ ಗಿರಾಕಿಯೊಬ್ಬನ ಕಿವಿಗೆ ಕತ್ತರಿ ತಾಗಿಸಿದ್ದೂ ಉಂಟು. ಬೇಲೂರಿನವರಿಗೆ ಕಳೆದುಹೋದ ಕೊಡೆಯ ಬೆನ್ನು ಹತ್ತಿ ಊರೂರು ತಿರುಗುವ ಕಥೆ. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿಯ ಷಡಕ್ಷರಪ್ಪನವರು ಹೇಳಿದ್ದೇ ತೀರ್ಮಾನ. ಮಠದ ಪುರಾಣಗಳನ್ನು ಕೇಳಿ ಬೆಳೆದ, ನಾಲ್ಕು ಜನ ಎದ್ದು ನಿಲ್ಲುವಂಥ ವ್ಯಾಪಾರಸ್ಥರು. "ಬರೀ ನಗ್ಸೋದೇನ್ರೀ ದೊಡ್ಡದು? ಎದೆಗೆ ತಟ್ಟೋ ಕಥೆ ಒಂದಾದ್ರೂ ಬೇಡ್ವಾ?" ಎಂಬುದು ಅವರ ದೂರು. ಈ ಜಗಳ ತಮ್ಮಯ್ಯನಿಗೆ ಹಬ್ಬದೂಟದಂತಿತ್ತು. ಯಾರು ಗೆದ್ದರೂ ಕಥೆ ಅವನದೇ ಬಾಯಿಂದ ಹೋದದ್ದು.

ಹೊಸ ಶತಮಾನ ಶುರುವಾದ ಕೆಲವು ವರ್ಷಕ್ಕೆ ತಮ್ಮಯ್ಯನಿಗೆ ಟೈಫಾಯ್ಡ್ ಬಂತು. ಅವನು ಕಂಬಳಿ ಹೊದ್ದು ನರಳುತ್ತಿದ್ದಾಗಲೇ ಜಪಾನಿನಿಂದ ಹೊಸ ಪುಸ್ತಕ ಬಂತು. ಜವರಣ್ಣನಿಗೆ ತಡೆಯಲಾಗಲಿಲ್ಲ. "ನೀನು ಹುಷಾರಾಗೋಗಂಟ ಅವ್ರು ನನ್ನ ಬಸ್ಸಿಂದ ಇಳ್ಸಿ ಹೊಡೀತಾರೆ ಕಣ್ಲಾ" ಎಂದು ಪುಸ್ತಕವನ್ನು ಅರಸೀಕೆರೆಗೆ ಒಯ್ದು ಜೆರಾಕ್ಸ್ ಮಾಡಿಸಿದ. ಜೆರಾಕ್ಸ್ ಅಂಗಡಿಯವನು ಒಳ್ಳೆಯ ಮನುಷ್ಯ. ಪುಸ್ತಕದ ಬೆನ್ನು ಬಲಕ್ಕಿದೆ, ಹಾಳೆಗಳು ಹಿಂದುಮುಂದಾಗಿವೆ ಪಾಪ ಎಂದುಕೊಂಡು ಇಡೀ ಕಟ್ಟನ್ನು ತಿರುವಿ ಸರಿಮಾಡಿ, ಕಾಲೇಜು ಹುಡುಗರ ರೆಕಾರ್ಡಿಗೆ ಹಾಕುವಂತೆ ಎಡಕ್ಕೆ ಸ್ಪೈರಲ್ ಹಾಕಿಕೊಟ್ಟ. ಅಂಚು ಕತ್ತರಿಸುವಾಗ ಪುಟದ ಅಂಕೆಗಳೂ ಹೋದವು.

ಪುಸ್ತಕದಲ್ಲಿದ್ದದ್ದು ದೋಣಿಯ ಕಥೆ. ಅದು ನಡೆಯಬೇಕಾದದ್ದು ಹೀಗೆ: ತೋರಣ್ಣ ಹಿಮ ಬೀಳುವ ಹೊಳೆದಂಡೆಯಲ್ಲಿ ಒಬ್ಬನೇ ನಿಂತಿದ್ದಾನೆ. ದೂರದಿಂದ ಒಂದು ದೋಣಿ ಬರುತ್ತದೆ. ಅದರಿಂದ ಇಳಿದವಳು ಮೊದಲ ಪುಸ್ತಕದಲ್ಲಿ ಬಂದು ಆಮೇಲೆ ಎಷ್ಟೋ ವರ್ಷದಿಂದ ಕಾಣದ ಅವನ ಅಕ್ಕ. ಇಳಿದವಳೇ ತಮ್ಮನ ಕೆನ್ನೆಗೆ ಒಂದು ಬಾರಿಸುತ್ತಾಳೆ. ಆಮೇಲೆ ಇಬ್ಬರೂ ಕೂತು ಬಿಸಿ ಬಿಸಿ ಗಂಜಿ ಕುಡಿಯುತ್ತಾರೆ. ಅಕ್ಕ ಒಂದು ಕಡೆಯಿಂದ, ತಮ್ಮ ಇನ್ನೊಂದು ಕಡೆಯಿಂದ ಹಿಡಿದೆಳೆದು ಕತ್ತಿಯನ್ನು ಒರೆಯಿಂದ ಕೀಳುತ್ತಾರೆ. ನೋಡಿದರೆ ಕತ್ತಿ ತುಕ್ಕು ತಿಂದು ಗೇಣುದ್ದ ಉಳಿದಿದೆ. ಇಬ್ಬರೂ ಬಿದ್ದು ಬಿದ್ದು ನಗುತ್ತಾರೆ. ಅಲ್ಲಿಗೆ ಮುಗಿಯಿತು.

ಅರಸೀಕೆರೆಯವರು ಇದನ್ನು ಎಡದಿಂದ ಓದಿದರು. ಅಕ್ಕ ತಮ್ಮ ನಗುತ್ತಿದ್ದಾರೆ. ಕೈಯಲ್ಲಿ ಮುರಿದ ಕತ್ತಿ. ಇಬ್ಬರೂ ಸೇರಿ ಅದನ್ನು ಒರೆಗೆ ತುರುಕುತ್ತಾರೆ, ಅದು ಸಿಕ್ಕಿಕೊಳ್ಳುತ್ತದೆ. ಕೊನೆಯ ಸಲ ಒಟ್ಟಿಗೆ ಗಂಜಿ ಕುಡಿಯುತ್ತಾರೆ. ಅಕ್ಕ ಕೆನ್ನೆಗೆ ಬಾರಿಸಿ ದೋಣಿ ಹತ್ತುತ್ತಾಳೆ. ದೋಣಿ ಸಣ್ಣದಾಗುತ್ತ ಹೋಗಿ ಹಿಮದಲ್ಲಿ ತೋರಣ್ಣ ಒಬ್ಬನೇ ಉಳಿಯುತ್ತಾನೆ. ಮಂಡಿಯಲ್ಲಿ ಆಳುಗಳು ಕೊಬ್ಬರಿ ಸುಲಿಯುವುದನ್ನೇ ನಿಲ್ಲಿಸಿಬಿಟ್ಟರಂತೆ. ಷಡಕ್ಷರಪ್ಪನವರು ನಶ್ಯದ ಡಬ್ಬಿ ಪಕ್ಕಕ್ಕಿಟ್ಟು, "ಇದು ಕಣ್ರೀ ಕಥೆ. ಕತ್ತಿ ಯಾಕೆ ಬರಲ್ಲ ಅಂತ ಇವತ್ತು ಗೊತ್ತಾಯ್ತು. ಅಕ್ಕನ ಕೈ ತಾಗಿದ ಕತ್ತಿ ಅದು, ಅವಳು ವಾಪಸ್ಸು ಬರೋಗಂಟ ಅದೂ ಬರಲ್ಲ" ಎಂದರು. ಒಂದೇ ವಾರದಲ್ಲಿ ದಾರಿಯುದ್ದಕ್ಕೂ ಸೀನು, ಕೊಡೆ ಎಲ್ಲ ಮೂಲೆಗೆ ಬಿದ್ದು ದೋಣಿಯ ಕಥೆಯೇ ಮೇಲೆಂದು ತೀರ್ಮಾನವಾಯಿತು.

ಜ್ವರ ಬಿಟ್ಟು ಎದ್ದ ತಮ್ಮಯ್ಯ ಅಸಲು ಪುಸ್ತಕ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಕ್ಷೌರದಂಗಡಿಗೆ ಬಂದು ಹೇಳಿದರೆ ಯಾರೂ ನಗಲಿಲ್ಲ. ಜವರಣ್ಣ ಮುಖ ಗಂಟು ಹಾಕಿಕೊಂಡ.

"ಏನ್ಲಾ, ಅಕ್ಕ ಬಂದ್ಳು ಅಂತೀಯ? ಅವಳು ಹೋಗಿದ್ದು ನಾನು ಕಣ್ಣಾರೆ ನೋಡಿವ್ನಿ."

"ತಿರುಗಾಮುರುಗಾ ನೋಡಿದ್ದೀಯ ಕಣೋ. ಬಲಗಡೆಯಿಂದ ಓದ್ಬೇಕು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಗುಡೀಲಿ ಗೋಡೆ ಹೆಂಗೈತೆ ಹಂಗೆ."

ಅಂಗಡಿ ತುಂಬ ನಗು. ತಮ್ಮಯ್ಯ ಗೋಡೆಯ ಬಗ್ಗೆ ಹೇಳುವುದೆಲ್ಲ ಏನು ಎತ್ತ ಎಂದು ಹಳೇಬೀಡಿನವರಿಗೆ ಗೊತ್ತಿಲ್ಲವೇ? "ನೋಡಪ್ಪ," ಎಂದ ಮರಿಯಣ್ಣ ಬ್ರಷ್ಷಿಗೆ ಸೋಪು ತಿಕ್ಕುತ್ತ, "ಜಡ್ಜನ್ನೇ ಅಳಿಸಿದೋನು ನೀನು. ಜ್ವರದಾಗೆ ನಿನ್ ಕೈ ತಪ್ಪಿ ಕಥೆ ಹೋಯ್ತು. ಅದ್ಕೇ ಈಗ ಹೊಸ ಕಥೆ ಕಟ್ತಾ ಇದೀಯ."

ತಮ್ಮಯ್ಯನಿಗೆ ಅನ್ನ ಸೇರದಾಯಿತು. ಸುಳ್ಳಿಗೆ ತಲೆದೂಗುವ ಜನಕ್ಕೆ ನಿಜ ಯಾಕೆ ಹಿಡಿಸುವುದಿಲ್ಲ? ಅರಸೀಕೆರೆಗೇ ಹೋಗಿ ವಾದ ಮಾಡಿದ. ಉರ್ದುವನ್ನು ಬಲದಿಂದ ಓದುವುದಿಲ್ಲವೇ ಎಂದು ಕೇಳಿದರೆ ಷಡಕ್ಷರಪ್ಪನವರು, "ಅದು ಅಕ್ಷರ. ಇದು ಚಿತ್ರ. ಚಿತ್ರಕ್ಕೆ ಯಾವ ಭಾಷೆನಯ್ಯ?" ಎಂದರು. ಅಸಲು ಪುಸ್ತಕದ ಪುಟದ ಅಂಕೆ ತೋರಿಸಿದರೆ, ಒಂದನೇ ಪುಟ ಕೊನೆಯಲ್ಲಿರುವುದನ್ನು ಕಂಡು "ಅಚ್ಚಿನ ಮನೆಯೋರೇ ತಪ್ಪು ಮಾಡವ್ರೆ" ಎಂದು ಮರುಕಪಟ್ಟರು. ಸಾಲದ್ದಕ್ಕೆ ಮುಂದೆ ಬಂದ ಪುಸ್ತಕದಲ್ಲಿ ಕತ್ತಿ ಮತ್ತೆ ಒರೆಯಲ್ಲೇ ಸಿಕ್ಕಿಕೊಂಡಿತ್ತು. ನಗೆಯ ಕಥೆಗಳಲ್ಲಿ ಹಾಗೇ, ನಿನ್ನೆ ಮುರಿದದ್ದು ಇವತ್ತು ನೆಟ್ಟಗಿರುತ್ತದೆ. ಆದರೆ ಅದನ್ನು ಅವರಿಗೆ ಹೇಳುವವರಾರು? "ಈಚೆಗೆ ಬಂದಿದ್ದ ಕತ್ತಿ ಮತ್ತೆ ಒಳಗೋಯ್ತಾ? ಹೇಳು, ಹೇಳು" ಎಂದು ಎಲ್ಲರೂ ಮೇಲೆ ಬಿದ್ದರು. ತಮ್ಮಯ್ಯ ಎದ್ದು ಬಂದ.

ಬಸ್ಸಿನಲ್ಲೂ ಸುಖವಿರಲಿಲ್ಲ. ಮೊದಲು ಜವರಣ್ಣ ಡ್ರೈವರ್ ಹಿಂದಿನ ಸೀಟಿನ ಮೇಲೆ ಟವೆಲ್ ಹಾಕಿ ತಮ್ಮಯ್ಯನಿಗೆಂದು ಹಿಡಿದಿಡುತ್ತಿದ್ದ. ಈಗ ಅವನು ಓಡಿ ಬರುವುದನ್ನು ಕಂಡರೂ ಸೀಟಿ ಊದಿಬಿಡುತ್ತಿದ್ದ. ಅವನಿಗೂ ಕೋಪವಿತ್ತು. ಅಷ್ಟು ವರ್ಷ ಇನ್ನೊಬ್ಬರ ಕಥೆ ಹೊತ್ತು ತಿರುಗಿದವನು ಮೊದಲ ಸಲ ತಾನೇ ಒಂದು ಕಥೆ ಒಯ್ದಿದ್ದ, ಅದು ಎಲ್ಲಕ್ಕಿಂತ ಗೆದ್ದಿತ್ತು. ಅದನ್ನೇ ತಪ್ಪು ಎನ್ನುತ್ತಾನಲ್ಲ ಈ ಪಾಪಿ!

ಮನೆಯಲ್ಲಿ ಹೆಂಡತಿ ಭಾಗಮ್ಮನ ಹತ್ತಿರ ಗೋಳು ಹೇಳಿಕೊಂಡರೆ, "ಆ ಜಪಾನಿನೋನ ಅಕ್ಕ ಬಂದ್ರೆಷ್ಟು, ಹೋದ್ರೆಷ್ಟು? ಗಂಡಸಿ ಊರಲ್ಲಿರೋ ನಿಮ್ಮಕ್ಕ ಈ ಕಡೆ ಕಾಲಿಟ್ಟು ವರ್ಷ ಆಯ್ತು, ಅದ್ನ ನೋಡ್ರಿ" ಎಂದು ಮುದ್ದೆ ಬಡಿಸಿದಳು. "ಅದಲ್ಲ ಕಣೇ, ನಾನು ನಿಜ ಹೇಳ್ತಿದೀನಿ" ಎಂದ ತಮ್ಮಯ್ಯ. ಭಾಗಮ್ಮ ಅವನ ಮುಖ ನೋಡಿದಳು. "ಇರ್ಬೋದು ಬಿಡಿ" ಎಂದಳು. ಅವಳೂ ನಂಬಲಿಲ್ಲ.

ಇಂಥ ಹೊತ್ತಿನಲ್ಲಿ ಹಿಸಾಯೊ ಮತ್ತೆ ಬರುತ್ತೇನೆಂದು ತಿಳಿಸಿದರು. ಬೇಲೂರು, ಹಳೇಬೀಡಿನಲ್ಲಿ ಕೆಲವು ದಿನ ಇದ್ದು, ಅರಸೀಕೆರೆಯಲ್ಲಿ ರೈಲು ಹಿಡಿದು ಹೊಸಪೇಟೆಯ ಕಡೆ ಹೋಗುವವರು. ತಮ್ಮಯ್ಯನಿಗೆ ಹೋದ ಜೀವ ಬಂದಂತಾಯಿತು. ಜಪಾನಿನವರೇ ಬಂದು ಹೇಳಿದರೆ ಯಾರಾದರೂ ಇಲ್ಲವೆನ್ನಲು ಸಾಧ್ಯವೇ? ರೈಲಿಗೆ ಮುಂಚೆ ಅವರನ್ನು ಕರೆತರುತ್ತೇನೆಂದು ಷಡಕ್ಷರಪ್ಪನವರಿಗೆ ಹೇಳಿ ಕಳಿಸಿದ. ಅವರೂ ಬಿಡುವವರಲ್ಲ. ಭಾನುವಾರ ಮಂಡಿಗೆ ರಜೆ, ಮೂಟೆಗಳ ಮೇಲೆ ಜಮಖಾನ ಹಾಸಿ, ಎಳನೀರು ಕೆತ್ತಿಸಿ ಇಟ್ಟಿದ್ದರು. ಡಿಪೋದ ಮೆಕ್ಯಾನಿಕ್ಕುಗಳು, ಕೊಬ್ಬರಿ ಸುಲಿಯುವವರು, ಬೇಲೂರಿನಿಂದ ಬಂದ ಕೊಡೆಯ ಪಕ್ಷದವರು, ಮರಿಯಣ್ಣ, ಜವರಣ್ಣ, ಎಲ್ಲರೂ ನೆರೆದಿದ್ದರು.

ಹಿಸಾಯೊ ಕೈ ಮುಗಿದು ಕೂತರು. ತಮ್ಮಯ್ಯ ಜಗಳವೇನೆಂದು ಅವರಿಗೆ ವಿವರಿಸಿದ. ಅವರು ನಕ್ಕರು, ಅಸಲು ಪುಸ್ತಕವನ್ನು ಎತ್ತಿ ಬಲಗಡೆಯಿಂದ ತೆರೆದು ಎಲ್ಲರಿಗೂ ತೋರಿಸಿ ಏನೋ ಹೇಳಿದರು.

"ಮೇಡಂ ಹೇಳ್ತಾವ್ರೆ," ಎಂದ ತಮ್ಮಯ್ಯ, ಎದೆಯುಬ್ಬಿಸಿ. "ತಮ್ಮಯ್ಯ ಓದಿದ್ದೇ ಸರಿ. ನಮ್ಮ ದೇಶದಲ್ಲಿ ಹಿಂಗೇ ಓದೋದು. ಅಕ್ಕ ಬತ್ತಾಳೆ, ಹೋಗಲ್ಲ ಅಂತಾವ್ರೆ."

ಮಂಡಿಯಲ್ಲಿ ಗುಸುಗುಸು ಎದ್ದಿತು. ಷಡಕ್ಷರಪ್ಪನವರು ನಶ್ಯದ ಡಬ್ಬಿ ಮುಚ್ಚಿದರು. "ಅವ್ರು ಹೇಳಿದ್ದು ನಮಗರ್ಥ ಆಗ್ಲಿಲ್ಲ. ಕನ್ನಡಕ್ಕೆ ಹೇಳಿದ್ದು ನೀನು. ಪುಸ್ತಕ ತೋರ್ಸಿ ಚೆನ್ನಾಗೈತೆ ಅಂದ್ರೋ, ಎಳನೀರು ಚೆನ್ನಾಗೈತೆ ಅಂದ್ರೋ ನಮಗೇನು ಗೊತ್ತು?" ಎಂದರು. ನಗು ಮಂಡಿಯ ಸೂರು ಹಾರಿಸಿತು. ತಮ್ಮಯ್ಯನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇಡೀ ಜಿಲ್ಲೆಯಲ್ಲಿ ಸಾಕ್ಷಿಯ ಮಾತು ತಿಳಿಯುವವನು ಅವನೊಬ್ಬನೇ, ಸಾಕ್ಷಿ ಬೇಕಾದವನೂ ಅವನೇ.

ಅಷ್ಟರಲ್ಲಿ ಹಿಸಾಯೊ ಕೈಚಾಚಿ ಜವರಣ್ಣನ ತೊಡೆಯ ಮೇಲಿದ್ದ ಜೆರಾಕ್ಸ್ ಪ್ರತಿಯನ್ನು ಕೇಳಿ ತೆಗೆದುಕೊಂಡರು. ಅರಸೀಕೆರೆಯವರು ಓದಿದಂತೆ ಎಡದಿಂದ ಒಂದೊಂದೇ ಹಾಳೆ ತಿರುವಿದರು. ಮೊದಮೊದಲು ನಗುತ್ತಿದ್ದವರು ಗಂಜಿಯ ಹಾಳೆಗೆ ಬರುವಷ್ಟರಲ್ಲಿ ನಗು ನಿಲ್ಲಿಸಿದರು. ಕೊನೆಗೆ ಹಿಮದಲ್ಲಿ ಒಬ್ಬನೇ ನಿಂತ ತೋರಣ್ಣನ ಚಿತ್ರದ ಮೇಲೆ ಅವರ ಕೈ ನಿಂತಿತು. ಆಮೇಲೆ ತಮ್ಮಯ್ಯನ ಕಡೆ ತಿರುಗಿ ಮೆಲ್ಲಗೆ, ಉದ್ದಕ್ಕೆ, ಏನೋ ಹೇಳಿದರು.

"ಏನಂತೆ?" ಎಂದರು ಹತ್ತಾರು ಜನ.

ತಮ್ಮಯ್ಯ ಜೆರಾಕ್ಸ್ ಪ್ರತಿಯ ಕಡೆ ನೋಡಿದ. ಹಿಸಾಯೊ ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಅರ್ಥವಾಗಿತ್ತು. ಅದನ್ನು ತಿರುಚುವುದು ಅವನಿಗೆ ಎಷ್ಟರ ಕೆಲಸ? ಇಷ್ಟು ವರ್ಷದ ಅಭ್ಯಾಸ ನಾಲಿಗೆಯ ತುದಿಯಲ್ಲೇ ಕೂತಿತ್ತು. ತಿರುಚಿದ್ದನ್ನು ಹಿಡಿಯುವವರು ಒಬ್ಬರೂ ಇರಲಿಲ್ಲ. ಆದರೆ ತೋರಣ್ಣನ ವಿಷಯದಲ್ಲಿ ಮಾಡಿಕೊಂಡ ಆಣೆ ಇತ್ತಲ್ಲ, ಹಾಳಾದ್ದು.

"ಮೇಡಂ ಅಂತಾವ್ರೆ..." ಅವನ ದನಿ ಅವನಿಗೇ ಕೇಳುತ್ತಿರಲಿಲ್ಲ. "ತಮ್ಮಯ್ಯ ಓದೋದು ಸರಿ. ಆದ್ರೆ ಕಥೆ ನಿಮ್ದೇ ಚೆಂದ ಅಂತೆ. ಕತ್ತಿ ಯಾಕೆ ಬರಲ್ಲ ಅಂತ ಅವ್ರ ದೇಶದಾಗೆ ಇಷ್ಟು ವರ್ಷ ಯಾರಿಗೂ ಗೊತ್ತಾಗಿರ್ಲಿಲ್ವಂತೆ. ಅರಸೀಕೆರೆಯೋರು ಕಂಡುಹಿಡಿದ್ರಿ ಅಂತಾವ್ರೆ."

ಮಂಡಿ ಎದ್ದು ಕುಣಿಯಿತು. ಕೊಡೆಯವರು, ಸೀನಿನವರು ಎಲ್ಲರೂ ಚಪ್ಪಾಳೆ ತಟ್ಟಿದರು. ಷಡಕ್ಷರಪ್ಪನವರು ಎದ್ದು ಬಂದು ತಮ್ಮಯ್ಯನ ಎರಡೂ ಕೈ ಹಿಡಿದುಕೊಂಡರು. "ಈಗ ಹೇಳ್ದೆ ನೋಡಯ್ಯ ನಿಜಾನ! ದೊಡ್ಡ ಮನಸು ಕಣಯ್ಯ ನಿಂದು. ಸೋತಿದ್ದನ್ನ ಒಪ್ಕಳಾದು ಸುಮ್ನೆ ಅಲ್ಲ." ತಾನು ಸೋತಿಲ್ಲ, ಓದುವುದು ತನ್ನದೇ ಸರಿ ಎಂದು ಈಗತಾನೆ ಹೇಳಿದೆನಲ್ಲ ಎಂದು ತಮ್ಮಯ್ಯ ಬಾಯಿ ತೆರೆದ. ಆ ಗಲಾಟೆಯಲ್ಲಿ ಕೇಳುವ ಕಿವಿ ಎಲ್ಲಿತ್ತು? ಒಂದೇ ಬಾಯಿಂದ ಬಂದ ಒಂದೇ ಮಾತಿನಲ್ಲಿ ಅರ್ಧವನ್ನು ನಂಬಿ ಅರ್ಧವನ್ನು ಬಿಸಾಡಿದ್ದರು. ಹಿಸಾಯೊ ಮಾತ್ರ ಎಲ್ಲರ ಸಂತೋಷ ಕಂಡು ತಮ್ಮಯ್ಯ ಗೆದ್ದನೆಂದೇ ತಿಳಿದು ಅವನ ಭುಜ ತಟ್ಟಿ ರೈಲು ಹತ್ತಿದರು.

ಹಿಂದಿರುಗುವ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನ ಮೇಲೆ ಟವೆಲ್ ಬಿದ್ದಿತ್ತು. ಜವರಣ್ಣ ಅದನ್ನೆತ್ತಿ ಹೆಗಲಿಗೆ ಹಾಕಿಕೊಂಡು, "ಕೂತ್ಕಳ್ಲಾ" ಎಂದ. ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಜಾವಗಲ್ ದಾಟಿದ ಮೇಲೆ ಟಿಕೆಟ್ ಮುಗಿಸಿ ಬಂದು ಪಕ್ಕದಲ್ಲಿ ಕೂತ.

"ಒಂದು ಕೇಳ್ತೀನಿ. ನಿಜ ಹೇಳ್ಬೇಕು."

"ಕೇಳು."

"ಆ ಮೇಡಂ ಬಲದಿಂದ ಓದೋದು ಅಂದ್ರು ಅಂದ್ಯಲ್ಲ. ಅದು ನೀನು ಸೇರಿಸ್ಕಂಡಿದ್ದು ತಾನೆ?"

ತಮ್ಮಯ್ಯನಿಗೆ ಹೇಳಬೇಕಾದದ್ದೆಲ್ಲ ಗಂಟಲವರೆಗೆ ಬಂತು. ಗುಡಿಯ ಗೋಡೆ, ಪುಟದ ಅಂಕೆ, ಜೆರಾಕ್ಸಿನವನ ಒಳ್ಳೆಯತನ, ಜ್ವರ. ಎಲ್ಲವನ್ನೂ ಎಷ್ಟೋ ಸಲ ಹೇಳಿ ಆಗಿತ್ತು. ಅವನಿಗೆ ಸಾಕಾಗಿತ್ತು.

"ಹೂಂ ಕಣೋ," ಎಂದ. "ನಾನೇ ಸೇರಿಸ್ಕಂಡಿದ್ದು."

"ನಂಗೊತ್ತಿತ್ತು ಕಣ್ಲಾ!" ಎಂದು ಜವರಣ್ಣ ಅವನ ತೊಡೆಗೆ ಬಾರಿಸಿ ಖುಷಿಯಿಂದ ನಕ್ಕ. ಸಾಕ್ಷಿ ಕೇಳಲಿಲ್ಲ, ಪುಸ್ತಕ ತೆಗೆ ಎನ್ನಲಿಲ್ಲ. ಒಂದೇ ಮಾತಿಗೆ ನಂಬಿಬಿಟ್ಟ. ಆಮೇಲೆ ಎದ್ದು ನಿಂತು, ಹಳೇಬೀಡಿನಲ್ಲಿ ಇಳಿಯುವವರು ಮುಂದೆ ಬನ್ನಿ ಎಂದು ಕೂಗಿದ.